ಮಾದರಿ ಲೈಫ್‌ಬೋಟಿನಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಆಸರೆ

ಲೈಫ್‌ಬೋಟಿನ ಪ್ರೊಪೆಲ್ಲರ್ ಶಾಫ್ಟು ದೋಣಿಯ ತಳವನ್ನು ತೂರಿ ಓರೆಯಾಗಿ ಹೊರಬರುತ್ತದೆ. ಒಳಗೆ ಮೋಟರು, ಹೊರಗೆ ನೀರಿನಲ್ಲಿ ಪ್ರೊಪೆಲ್ಲರು. ನಡುವಿನ ಉಕ್ಕಿನ ಸರಳು ಬಾಗದೆ, ಅದುರದೆ, ನೀರನ್ನು ಒಳಗೆ ಬಿಟ್ಟುಕೊಳ್ಳದೆ ತಿರುಗುತ್ತಿರಬೇಕು. ಇದಕ್ಕೆ ಎರಡು ಆಸರೆ. ಒಂದು, ಸರಳನ್ನು ಹೊದ್ದಿರುವ ಹಿತ್ತಾಳೆ ಕೊಳವೆ. ಇನ್ನೊಂದು, ಪ್ರೊಪೆಲ್ಲರಿಗೆ ತುಸು ಮುಂದೆ ಆ ಕೊಳವೆಯ ತುದಿಯನ್ನು ತಳಕ್ಕೆ ಬಿಗಿದು ಹಿಡಿಯುವ ಬ್ರ್ಯಾಕೆಟ್. ಬಣ್ಣ, ಕಟಕಟೆ, ದೀಪಗಳಿಗೆ ತಿಂಗಳುಗಟ್ಟಲೆ ಬೆವರು ಸುರಿಸುವವರು ಈ ಎರಡಕ್ಕೆ ಒಂದು ಸಂಜೆ ಕೊಟ್ಟು ಮುಗಿಸುವುದುಂಟು. ದೋಣಿ ನೀರಿಗಿಳಿದ ದಿನ ಅದರ ಫಲ ಕಾಣುತ್ತದೆ.

ಮಾದರಿ ಕಟ್ಟುವವರು ಹೆಚ್ಚಾಗಿ ಆರಿಸಿಕೊಳ್ಳುವುದು 1824ರಲ್ಲಿ ಹುಟ್ಟಿದ ಬ್ರಿಟನ್ನಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ನಿನ ದೋಣಿಗಳನ್ನು. 1982ರಲ್ಲಿ ಸೇವೆಗೆ ಬಂದ ಟೈನ್ ವರ್ಗದ ದೋಣಿ ಅವುಗಳಲ್ಲೊಂದು. ಅಸಲಿನ ಉದ್ದ ಸುಮಾರು 14.3 ಮೀಟರ್, ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಾದರಿ 1.2 ಮೀಟರಿನ ಆಸುಪಾಸು. ಇಳಿಜಾರು ಹಾಸಿನ ಮೇಲಿಂದ ನೇರ ಸಮುದ್ರಕ್ಕೆ ಜಾರಿಸುವ ದೋಣಿಯಾದ್ದರಿಂದ ಇದರ ಎರಡು ಪ್ರೊಪೆಲ್ಲರುಗಳು ತಳದಲ್ಲಿ ಕೊರೆದ ಅರೆಸುರಂಗಗಳಲ್ಲಿ ಅಡಗಿರುತ್ತವೆ. ಹೀಗಾಗಿ ಮಾದರಿಯಲ್ಲೂ ಎರಡು ಶಾಫ್ಟು, ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಕೂರುವ ಎರಡು ಆಸರೆ. ಭಾರತದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟಿರುವುದು ಎನ್‌ಸಿಸಿಯ ನೌಕಾ ವಿಭಾಗ. ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಹಡಗಿನ ಮಾದರಿ ತಯಾರಿಕೆಯೂ ಒಂದು ಸ್ಪರ್ಧೆ.

ಹುಬ್ಬಳ್ಳಿ–ಧಾರವಾಡಕ್ಕೆ ಸಮುದ್ರವಿಲ್ಲ, ಕಾರವಾರದವರೆಗೆ ಹೋಗಬೇಕು. ಆದರೆ ಈ ಕೆಲಸಕ್ಕೆ ಸಮುದ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಲೇತು, ಮತ್ತು ಅದರ ಮೇಲೆ ಪಳಗಿದ ಕೈ. ರೈಲ್ವೆ ವರ್ಕ್‌ಶಾಪ್ ಇರುವ ಊರಿನಲ್ಲಿ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಮತ್ತು ತಾರಿಹಾಳದಂಥ ಕಡೆ ಅವಕ್ಕೆ ಬರವಿಲ್ಲ. ಕೊಳವೆಯೊಳಗೆ ಸರಳನ್ನು ಹಿಡಿಯುವ ಬುಷ್‌ಗಳ ಮಾತಿಗೆ ಬಂದರೆ, ಹೊರಗಿನಿಂದ ತರಿಸುವ ಸಿದ್ಧ ಕೊಳವೆಯವಕ್ಕಿಂತ, ಅಳತೆ ಕೊಟ್ಟು ಇಲ್ಲಿಯೇ ತಿರುಗಿಸಿಕೊಂಡ ಗನ್‌ಮೆಟಲ್ ಬುಷ್ ಎಷ್ಟೋ ಸಲ ಚೊಕ್ಕವಾಗಿರುತ್ತದೆ.

ಆಸರೆ ಯಾಕೆ ಬೇಕು ಎಂಬುದಕ್ಕೆ ಸರಳಿನ ತೂಕ ಅರ್ಧ ಉತ್ತರವೂ ಅಲ್ಲ. ತಿರುಗುವ ಪ್ರತಿ ಸರಳಿಗೂ ಒಂದು ಗಂಡಾಂತರದ ವೇಗವಿರುತ್ತದೆ. ಆ ವೇಗ ಮುಟ್ಟಿದಾಗ, ಇಬ್ಬರು ಎರಡು ತುದಿ ಹಿಡಿದು ಬೀಸುವ ಹಗ್ಗದಂತೆ ಸರಳಿನ ನಡುಭಾಗ ಹೊರಕ್ಕೆ ಉಬ್ಬಿ ಸುತ್ತುತ್ತದೆ. 4 ಮಿ.ಮೀ. ದಪ್ಪದ ಉಕ್ಕಿನ ಸರಳನ್ನು 300 ಮಿ.ಮೀ. ಅಂತರದ ಎರಡು ಬುಷ್‌ಗಳು ಹಿಡಿದಿದ್ದರೆ, ಲೆಕ್ಕದ ಪ್ರಕಾರ ಆ ವೇಗ ನಿಮಿಷಕ್ಕೆ ಸುಮಾರು 5,300 ಸುತ್ತು. ಮಾದರಿಗಳಲ್ಲಿ ಬಳಸುವ ಎಷ್ಟೋ ಮೋಟರುಗಳು ಓಡುವುದೇ ಅಷ್ಟರಲ್ಲಿ ಅಥವಾ ಅದಕ್ಕಿಂತ ಜೋರಾಗಿ. ಅಂತರ ಅರ್ಧಕ್ಕಿಳಿದರೆ ಗಂಡಾಂತರದ ವೇಗ ನಾಲ್ಕು ಪಟ್ಟಾಗಿ 21,000 ದಾಟುತ್ತದೆ, ಮೋಟರು ಅಲ್ಲಿಗೆ ತಲುಪುವ ಮಾತೇ ಇಲ್ಲ. ಉದ್ದ ಕೊಳವೆಯ ಮಧ್ಯೆ ಮೂರನೆಯ ಬುಷ್ ಕೂರಿಸುವುದು ಈ ಕಾರಣಕ್ಕೆ. ಅದರಲ್ಲೂ ಒಂದು ತೊಡಕಿದೆ: ಎರಡು ಬುಷ್‌ಗಳ ನಡುವೆ ಯಾವಾಗಲೂ ಒಂದು ನೇರ ಗೆರೆ ಸಿಗುತ್ತದೆ, ಮೂರನೆಯದು ಆ ಗೆರೆಯಿಂದ ಕೂದಲೆಳೆಯಷ್ಟು ಸರಿದರೂ ಸರಳು ಬಿಗಿಯುತ್ತದೆ. ಆದ್ದರಿಂದ ಮೂರನ್ನೂ ಕೊಳವೆಗೆ ಸೇರಿಸಿದ ಮೇಲೆ ಸರಳನ್ನು ತೂರಿಸಿ ಕೊಳವೆಯನ್ನು ನೆಟ್ಟಗೆ ಹಿಡಿದು ನೋಡಬೇಕು. ಸರಳು ತನ್ನ ತೂಕಕ್ಕೇ ಜಾರಿ ಇಳಿಯಬೇಕು, ಪಕ್ಕಕ್ಕೆ ಅಲುಗಿಸಿದರೆ ಅಲುಗಬಾರದು.

ಬ್ರ್ಯಾಕೆಟ್ ಒಂದು ಕಾಲಿನದೂ ಇರಬಹುದು, ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಕಾಲಿನದೂ ಇರಬಹುದು. ಲೈಫ್‌ಬೋಟಿಗೆ ಎರಡು ಕಾಲಿನದೇ ಮೇಲು, ಅಸಲು ದೋಣಿಯ ನಕ್ಷೆಯಲ್ಲಿ ಒಂಟಿ ಕಾಲನ್ನೇ ತೋರಿಸಿದ್ದರೆ ಮಾತ್ರ ಒಂಟಿ ಕಾಲಿನದು. ಒಂಟಿ ಕಾಲು ಮೇಲೆ ಕೆಳಗೆ ಗಟ್ಟಿ, ಅಡ್ಡಕ್ಕೆ ಸಡಿಲ. ಹುಬ್ಬಳ್ಳಿಯ ಉಣಕಲ್ ಕೆರೆಯಂತೆ ಅಂತರಗಂಗೆ ಹಬ್ಬುವ ನೀರಿನಲ್ಲಿ ಬಳ್ಳಿ ಸುತ್ತಿಕೊಂಡಾಗ ಜಗ್ಗಾಟ ಬೀಳುವುದು ಅಡ್ಡಕ್ಕೇ. ಕಾಲುಗಳಿಗೆ 1.5 ಮಿ.ಮೀ. ದಪ್ಪದ ಹಿತ್ತಾಳೆ ತಗಡು, ಉಂಗುರಕ್ಕೆ ಕೊಳವೆಯ ಹೊರಮೈ ಹೊಗುವಷ್ಟು ಅಗಲದ ಇನ್ನೊಂದು ಕೊಳವೆಯ ತುಂಡು ಸಾಕು. ಇವನ್ನು ಬೆಳ್ಳಿ ಬೆಸುಗೆಯಿಂದ ಕೂಡಿಸಬೇಕು, ಅದೂ ದೋಣಿಯಿಂದ ದೂರ ಇಟ್ಟು. ಕೂರಿಸಿದ ಮೇಲೆ ಗ್ಯಾಸ್ ಜ್ವಾಲೆ ತಂದರೆ ಫೈಬರ್‌ಗ್ಲಾಸಿನ ಒಡಲು ಸುಡುತ್ತದೆ. ಕಾಲಿನ ತುದಿಗಳು ತಳದ ಸೀಳಿನೊಳಗೆ ತೂರಿ ಒಳಗಿನ ಸಾಗವಾನಿ ತುಂಡಿಗೆ ಅಂಟಿಕೊಳ್ಳಬೇಕು. ಹೊರಮೈಗೆ ಬರೀ ಅಂಟು ಹಚ್ಚಿ ನಿಲ್ಲಿಸಿದ ಕಾಲು ಹೆಚ್ಚು ದಿನ ನಿಲ್ಲುವುದಿಲ್ಲ.

ಕೂರಿಸುವ ಕ್ರಮದಲ್ಲಿ ಮೋಟರಿನದೇ ಮೊದಲ ಸ್ಥಾನ. ಮೋಟರಿನ ಸ್ಪಿಂಡಲಿಗೂ ಸರಳಿಗೂ ನಡುವೆ ತಾತ್ಕಾಲಿಕವಾಗಿ ಗಟ್ಟಿ ಕಪ್ಲಿಂಗ್ ಹಾಕುತ್ತಾರೆ: ಒಂದು ಬದಿ ಮೋಟರಿನ ಸ್ಪಿಂಡಲಿನ ಅಳತೆಗೆ, ಇನ್ನೊಂದು ಬದಿ ಸರಳಿನ ಅಳತೆಗೆ ಕೊರೆದ ಹಿತ್ತಾಳೆ ತುಂಡು. ತಳದ ಸೀಳನ್ನು ತುಸು ದೊಡ್ಡದಾಗಿಯೇ ಕೊರೆದಿರಬೇಕು. ಆಗ ಕೊಳವೆಯೂ ಬ್ರ್ಯಾಕೆಟ್ಟೂ ಒತ್ತಡವಿಲ್ಲದೆ ತಮ್ಮ ಗೆರೆಗೆ ಬಂದು ಕೂರುತ್ತವೆ. ಅಲ್ಲಿಯೇ ಎರಡು ಮೂರು ಕಡೆ ಅರಾಲ್ಡೈಟಿನ ಚುಕ್ಕೆ ಇಟ್ಟು ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಬೆರಳಿನಿಂದ ತಿರುಗಿಸಿ ನೋಡಿ, ಹಗುರವಾಗಿದ್ದರೆ ಮಾತ್ರ ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿ ಮತ್ತು ಅಂಟಿನಿಂದ ಪೂರ್ತಿ ಭದ್ರ ಮಾಡಬೇಕು. ಬಿಗಿಯಾಗಿದ್ದರೆ ಚುಕ್ಕೆ ಒಡೆದು ಮತ್ತೆ ಕೂರಿಸಬೇಕು; ಓಡುತ್ತಾ ಓಡುತ್ತಾ ಸವೆದು ಸರಿಹೋದೀತು ಎಂಬ ನಂಬಿಕೆಗೆ ಬುಷ್ ಬಲಿಯಾಗುತ್ತದೆ. ಎಲ್ಲ ಗಟ್ಟಿಯಾದ ಮೇಲೆ ಗಟ್ಟಿ ಕಪ್ಲಿಂಗ್ ತೆಗೆದು ಯೂನಿವರ್ಸಲ್ ಜಾಯಿಂಟ್ ಹಾಕಬಹುದು. ಜಾಯಿಂಟ್ ಇದೆಯಲ್ಲ ಎಂದು ಮೋಟರನ್ನು ಓರೆಯಾಗಿ ಕೂರಿಸುವುದು ತಪ್ಪು. ಓರೆ ಕೋನದಲ್ಲಿ ತಿರುಗುವ ಒಂಟಿ ಜಾಯಿಂಟು ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿಸಿ ಅದುರು ಹುಟ್ಟಿಸುತ್ತದೆ.

ಇಡೀ ಶಾಫ್ಟು ತಳಕ್ಕೆ ಓರೆಯಾಗಿರುವುದಕ್ಕೆ ಮಾತ್ರ ಹೆದರಬೇಕಾಗಿಲ್ಲ. 10 ಡಿಗ್ರಿ ಓರೆಯಲ್ಲಿ ಮುಂದೂಡುವ ಬಲ ಕಡಿಮೆಯಾಗುವುದು ಶೇ 1.5ರಷ್ಟು.

ಎರಡು ಶಾಫ್ಟುಗಳ ಹೊಂದಿಕೆಗೆ ಒಂದು ಪ್ಲೈವುಡ್ ಹಲಗೆ ನೆರವಾಗುತ್ತದೆ. ಸರಳುಗಳ ನಡುವಿನ ಅಂತರಕ್ಕೆ ಸರಿಯಾಗಿ ಅದರಲ್ಲಿ ಎರಡು ತೂತು ಕೊರೆದು, ಹಲಗೆಯ ನಡುಗೆರೆಯನ್ನು ಕೀಲ್‌ನ (ತಳದ ನಡುದಿಂಡಿನ) ಗೆರೆಗೆ ಹೊಂದಿಸಿ ದೋಣಿಯ ಹಿಂದೆ ನಿಲ್ಲಿಸಿದರೆ, ಅಂಟು ಆರುವವರೆಗೆ ಎರಡು ತುದಿಗಳೂ ಅಲುಗವು. ಪ್ರೊಪೆಲ್ಲರ್ ರೆಕ್ಕೆಯ ತುದಿಗೂ ಸುರಂಗದ ಗೋಡೆಗೂ ನಡುವೆ ಜಾಗ ಉಳಿದಿದೆಯೇ ಎಂದು ನೋಡಬೇಕಾದ್ದೂ ಆಗಲೇ.

ಪ್ರೊಪೆಲ್ಲರು ದೋಣಿಯನ್ನು ಮುಂದಕ್ಕೆ ನೂಕುವಾಗ ಸರಳೂ ಮುಂದಕ್ಕೆ ಒತ್ತುತ್ತದೆ. ಆ ಒತ್ತಡ ಮೋಟರಿಗೆ ಹೋಗಬಾರದು, ಹಿಂದಿನ ಬುಷ್ ತಡೆದುಕೊಳ್ಳಬೇಕು. ಪ್ರೊಪೆಲ್ಲರಿನ ಚೆಕ್‌ನಟ್ಟಿಗೂ ಬುಷ್‌ಗೂ ನಡುವೆ ಇಡುವ ತೆಳು ವಾಷರಿನ ಕೆಲಸ ಅದು. ಒಳತುದಿಯಲ್ಲಿ ಕಾಗದದ ದಪ್ಪದಷ್ಟು ಸಡಿಲ ಬಿಟ್ಟು ಕಾಲರ್ ಬಿಗಿದರೆ ಹಿಂದಕ್ಕೆ ಓಡಿಸಿದಾಗಲೂ ಸರಳು ಜಾರದು. ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೊಳವೆಗೆ ಮೊದಲೇ ಬೆಸೆದ ಸಣ್ಣ ನಳಿಕೆಯ ಮೂಲಕ ತುಂಬಿದ ಗ್ರೀಸೇ ನೀರಿಗೆ ತಡೆ.

ಕೆಲಸ ನೆಟ್ಟಗಾಗಿದೆಯೇ ಎಂದು ಮಲ್ಟಿಮೀಟರ್ ಹೇಳಿಬಿಡುತ್ತದೆ. ಮೋಟರನ್ನು ಬರಿದೇ ಓಡಿಸಿದಾಗ ಎಳೆಯುವ ಕರೆಂಟನ್ನು ಬರೆದಿಟ್ಟುಕೊಂಡು, ಸರಳು ಜೋಡಿಸಿ ಗಾಳಿಯಲ್ಲೇ ಓಡಿಸಿದಾಗಿನ ಕರೆಂಟಿಗೆ ಹೋಲಿಸಬೇಕು. ಅಲ್ಪ ಏರಿಕೆ ಸಹಜ. ದುಪ್ಪಟ್ಟಾದರೆ ಎಲ್ಲೋ ಗೆರೆ ತಪ್ಪಿದೆ. ಕೆರೆಯಲ್ಲಿ ಓಡಿಸಿದ ಮೇಲೆ ಸರಳನ್ನು ಹೊರತೆಗೆದು, ವಾಷರಿನ ಹಿಂದೆ ಸೇರಿದ ಬೇರಿನ ಎಳೆಗಳನ್ನು ಬಿಡಿಸಿ, ಹಳೆಯ ಗ್ರೀಸ್ ಒರೆಸಿ ಹೊಸದು ತುಂಬಬೇಕು. ವಾಷರಿನಲ್ಲಿ ಗೀರು ಬಿದ್ದಿದ್ದರೆ ಆಗಲೇ ಬದಲಿಸಬೇಕು.