‘ವೆಂಟ್’ ಬಲ್ಲ ಮಗು ‘ಗೋಡ್’ ಅನ್ನುವುದೇಕೆ?

ಮೂರು ವರ್ಷದ ಮಗಳು ಮೊನ್ನೆಮೊನ್ನೆಯವರೆಗೂ ಚೆಂದವಾಗಿ ‘ವೆಂಟ್’, ‘ಕೇಮ್’ ಅನ್ನುತ್ತಿದ್ದಳು. ಈಗ ಇದ್ದಕ್ಕಿದ್ದಂತೆ ‘ಗೋಡ್’, ‘ಕಮ್ಡ್’ ಶುರುವಾಗಿದೆ. ಕಲಿತದ್ದನ್ನೆಲ್ಲ ಮರೆತಳೇ? ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರ ಆತಂಕವಿದು.

ಮರೆತಿಲ್ಲ, ಮುಂದಕ್ಕೆ ಹೋಗಿದ್ದಾಳೆ. ‘ವೆಂಟ್’ ಇಷ್ಟು ದಿನ ಅವಳಿಗೆ ಬರೀ ಬಾಯಿಪಾಠವಾಗಿತ್ತು. ಕ್ರಿಯಾಪದದ ಬಾಲಕ್ಕೆ ‘ಎಡ್’ ಅಂಟಿಸಿದರೆ ನಿನ್ನೆಯ ಮಾತಾಗುತ್ತದೆ ಎಂಬ ಗುಟ್ಟು ಈಗಷ್ಟೇ ಸಿಕ್ಕಿದೆ. ಸಿಕ್ಕಿದ್ದನ್ನು ಕಂಡಕಂಡ ಕಡೆಯೆಲ್ಲ ಹಚ್ಚುತ್ತಿದ್ದಾಳೆ, ಅಷ್ಟೆ. ಅದೂ ಅಪ್ಪ-ಅಮ್ಮನಿಗೆ ಅನ್ನಿಸುವಷ್ಟು ಹೆಚ್ಚೇನಿಲ್ಲ. ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮತ್ತು ಸಂಗಡಿಗರು 25 ಮಕ್ಕಳ ಮಾತಿನ ದಾಖಲೆಗಳನ್ನು ಜಾಲಾಡಿ 1992ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂಥ ತಪ್ಪಿನ ಮಧ್ಯಕ ಪ್ರಮಾಣ ಶೇ. 2.5 ಮಾತ್ರ.

ಮಕ್ಕಳು ಕೇಳಿದ್ದನ್ನು ಒಪ್ಪಿಸುತ್ತಾರೋ, ನಿಯಮವನ್ನೇ ಹಿಡಿಯುತ್ತಾರೋ? ಇದನ್ನು ಪರೀಕ್ಷಿಸಲು 1958ರಲ್ಲಿ ಜೀನ್ ಬರ್ಕೊ ಹೂಡಿದ ಉಪಾಯ ಭಾಷಾವಿಜ್ಞಾನದ ಅತ್ಯಂತ ಮುದ್ದಾದ ಪ್ರಯೋಗ ಎನ್ನಲಡ್ಡಿಯಿಲ್ಲ. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಆಕೆ ಚಿತ್ರಗಳನ್ನು ತೋರಿಸಿದರು. ಈ ಮನುಷ್ಯನಿಗೆ ‘ರಿಕ್’ ಮಾಡಲು ಬರುತ್ತದೆ, ನಿನ್ನೆಯೂ ಅದನ್ನೇ ಮಾಡಿದ, ಹಾಗಾದರೆ ನಿನ್ನೆ ಅವನು...? ‘ರಿಕ್’ ಎಂಬ ಪದವೇ ಇಂಗ್ಲಿಷಿನಲ್ಲಿ ಆ ಅರ್ಥದಲ್ಲಿಲ್ಲ. ಯಾರ ಬಾಯಿಂದಲೂ ಕೇಳಿರಲು ಸಾಧ್ಯವಿಲ್ಲ. ಆದರೂ ಹೆಚ್ಚಿನ ಮಕ್ಕಳು ‘ರಿಕ್ಟ್’ ಎಂದರು.

ಬರೆಯುವಾಗ ಒಂದೇ ‘ಎಡ್’ ಆದರೂ ಬಾಯಲ್ಲಿ ಅದಕ್ಕೆ ಮೂರು ರೂಪ. ‘ವಾಕ್’ ನಂತರ ಟಕಾರ, ‘ಪ್ಲೇ’ ನಂತರ ಡಕಾರ, ‘ವಾಂಟ್’ ನಂತರ ಪೂರ್ತಿ ‘ಇಡ್’. ಮೂರನೆಯದು ಮಕ್ಕಳಿಗೆ ಕಷ್ಟ. ಗೊತ್ತಿದ್ದ ‘ಮೆಲ್ಟೆಡ್’ ಸಲೀಸಾಗಿ ಬಂತು. ಹುಸಿಪದ ‘ಮಾಟ್’ಗೆ ‘ಮಾಟೆಡ್’ ಎಂದವರು ಮೂರರಲ್ಲೊಂದು ಪಾಲಿನಷ್ಟೆ. ಇನ್ನೂ ತಮಾಷೆಯೆಂದರೆ ‘ಗ್ಲಿಂಗ್’ ಎಂಬ ಹುಸಿಪದ. ಮಕ್ಕಳು ನೇರವಾಗಿ ‘ಗ್ಲಿಂಗ್ಡ್’ ಅಂದರೆ, ದೊಡ್ಡವರಲ್ಲಿ ಬಹುಪಾಲು ಜನ ‘ಸಿಂಗ್–ಸ್ಯಾಂಗ್’ ಜಾಡು ಹಿಡಿದು ‘ಗ್ಲ್ಯಾಂಗ್’, ‘ಗ್ಲಂಗ್’ ಎಂದು ತಿಣುಕಿದರು.

ನಿಯಮವಿರುವಾಗ ‘ವೆಂಟ್’ನಂಥ ತಂಟೆಕೋರರು ಉಳಿದದ್ದಾದರೂ ಹೇಗೆ? ಎಡೆಬಿಡದ ಬಳಕೆಯಿಂದ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳಲ್ಲಿ ಒಂದೂ ನಿಯಮಕ್ಕೆ ಬಗ್ಗುವುದಿಲ್ಲ. ಕನ್ನಡದ ಬರು–ಬಂದ, ಕೊಡು–ಕೊಟ್ಟ, ನಗು–ನಕ್ಕ ಕೂಡ ದಿನಬೆಳಗಾದರೆ ಬೇಕಾಗುವ ಮಾತುಗಳೇ. ಜನ ಓಡಾಡುವ ಕಾಲುದಾರಿಯಲ್ಲಿ ಹುಲ್ಲು ಬೆಳೆಯದು. ಓಡಾಟ ನಿಂತ ಕಡೆ ‘ಎಡ್’ ಬೆಳೆದುಕೊಳ್ಳುತ್ತದೆ. ‘ಹೆಲ್ಪ್’ಗೆ 1611ರ ಬೈಬಲ್ಲಿನಲ್ಲಿ ಇನ್ನೂ ‘ಹೋಲ್ಪನ್’ ಎಂಬ ರೂಪವಿತ್ತು. ಇಂದು ‘ಹೆಲ್ಪ್ಡ್’ ಬಿಟ್ಟರೆ ಬೇರೆ ಕೇಳಿಬರದು. ನಿನ್ನೆ ಮೊನ್ನೆ ಹುಟ್ಟಿದ ‘ಗೂಗಲ್’ಗಂತೂ ಜಗಳವೇ ಇಲ್ಲ: ಅಲ್ಲಿ ‘ಗೂಗಲ್ಡ್’, ಇಲ್ಲಿ ‘ಗೂಗಲಿಸಿದ’.

ಹಾರ್ವರ್ಡಿನ ಎರೆಜ್ ಲೀಬರ್ಮನ್, ಜಾನ್-ಬ್ಯಾಪ್ಟಿಸ್ಟ್ ಮಿಶೆಲ್ ಮತ್ತು ಜೊತೆಗಾರರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೊಂದು ಗಣಿತವನ್ನೇ ಹೊಸೆದರು. ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳ ಜಾಡು ಹಿಡಿದರೆ, ಮಧ್ಯಯುಗದ ಇಂಗ್ಲಿಷಿನಲ್ಲಿ ಅವು 145, ಇಂದು 98. ವಿಕಿರಣಶೀಲ ಧಾತುಗಳಂತೆ ಇವುಗಳಿಗೂ ಅರ್ಧಾಯುಷ್ಯವುಂಟಂತೆ: ಬಳಕೆ ನೂರು ಪಟ್ಟು ಕಡಿಮೆಯಾದರೆ ನಿಯಮಕ್ಕೆ ಶರಣಾಗುವ ವೇಗ ಹತ್ತು ಪಟ್ಟು. ಮುಂದಿನ ಬಲಿ ‘ವೆಡ್’ ಎಂದೂ ಭವಿಷ್ಯ ನುಡಿದರು. ಸೂತ್ರವೇನೋ ಸೊಗಸಾಗಿದೆ. ಆದರೆ ‘ಬಿ’, ‘ಹ್ಯಾವ್’ಗಳ ಅರ್ಧಾಯುಷ್ಯ 38,800 ವರ್ಷ ಎಂಬ ಸಾಲು ಓದುವಾಗ ನಗು ತಡೆಯುವುದು ಕಷ್ಟ. ಇಂಗ್ಲಿಷಿಗೇ ಇನ್ನೂ ಹೆಚ್ಚುಕಡಿಮೆ ಒಂದೂವರೆ ಸಾವಿರ ವರ್ಷ!

ಅದೂ ಅಲ್ಲದೆ ಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತಿಲ್ಲ. 2017ರಲ್ಲಿ ಅದೇ ‘ನೇಚರ್’ನಲ್ಲಿ ಮಿಚೆಲ್ ನ್ಯೂಬೆರಿ, ಜೋಶುವಾ ಪ್ಲಾಟ್ಕಿನ್ ಮೊದಲಾದವರು ಅಮೆರಿಕದ ಹಳೆಯ ಪಠ್ಯಗಳ ಭಂಡಾರವನ್ನು ಶೋಧಿಸಿ ಬರೆದರು: ಹಲವು ಕ್ರಿಯಾಪದಗಳ ಬದಲಾವಣೆ ಬರೀ ಆಕಸ್ಮಿಕದಿಂದಲೂ ಆಗಿರಬಹುದು, ಸ್ಪಷ್ಟ ಒತ್ತಡ ಕಂಡ ಕೆಲವೇ ಪದಗಳಲ್ಲಿ ಹೆಚ್ಚಿನವು ನಿಯಮ ಬಿಟ್ಟು ಓಡಿವೆ. ‘ಸ್ನೀಕ್ಡ್’ ಹೋಗಿ ‘ಸ್ನಕ್’ ಬಂದಿದೆ, ‘ಡೈವ್ಡ್’ ಜಾಗದಲ್ಲಿ ‘ಡೋವ್’ ಕೂತಿದೆ. ‘ಡೋವ್’ಗೆ ಅವರು ಊಹಿಸುವ ಕಾರಣ ಮೋಟಾರು ಕಾರು. ಇಪ್ಪತ್ತನೇ ಶತಮಾನದಲ್ಲಿ ಕಾರು ಬಂದು ‘ಡ್ರೈವ್–ಡ್ರೋವ್’ ಎಲ್ಲರ ನಾಲಿಗೆಯ ಮೇಲೆ ಕುಣಿಯತೊಡಗಿದಾಗ, ಪ್ರಾಸ ಕೂಡುವ ‘ಡೈವ್’ ಕೂಡ ಅದರ ಹಿಂದೆ ಹೊರಟಿತಂತೆ. ಬ್ರಿಟನ್ನಿನವರು ಮಾತ್ರ ಇವತ್ತಿಗೂ ಹೆಚ್ಚಾಗಿ ‘ಡೈವ್ಡ್’ ಎಂದೇ ಬರೆಯುತ್ತಾರೆ. ಕಾರು ಅಲ್ಲಿಗೂ ಹೋಗಿತ್ತಲ್ಲ!