ಅಡಿಸ್ ಅಬಾಬದ ‘ಎಲ್ವಿಸ್’

ಇಥಿಯೋಪಿಯಾ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು 1984ರ ಭೀಕರ ಬರಗಾಲ. ಅದಕ್ಕೆ ಹದಿನೈದು ವರ್ಷ ಹಿಂದೆ ರಾಜಧಾನಿ ಅಡಿಸ್ ಅಬಾಬ ಒಂದು ಹಾಡಿಗೆ ಮನಸೋತಿತ್ತು. ಹಾಡಿದವರು ಅಲೆಮಾಯೆಹು ಎಶೆಟೆ.

1941ರಲ್ಲಿ ಹುಟ್ಟಿದ ಅವರಿಗೆ ಎಳವೆಯಿಂದಲೇ ಅಮೆರಿಕದ ಸಿನಿಮಾ ಹುಚ್ಚು. ಎಲ್ವಿಸ್ ಪ್ರೀಸ್ಲಿಯಂತೆ ಕೂದಲು, ಅಂಥದೇ ಉಡುಪು. ಹಾಡಿನಲ್ಲಿ ಮಾತ್ರ ಜೇಮ್ಸ್ ಬ್ರೌನರ ಕೂಗು, ಬಿಕ್ಕು, ಏದುಸಿರು. ಅಮೆರಿಕದ ಕಪ್ಪು ಜನರ ಈ ‘ಸೋಲ್’ ಶೈಲಿಯನ್ನು ಅವರು ಅಮ್ಹಾರಿಕ್ ಭಾಷೆಗೆ ಒಗ್ಗಿಸಿದರು. ಆದರೂ ಅದು ಬರಿಯ ನಕಲಾಗಲಿಲ್ಲ. ಇಥಿಯೋಪಿಯಾದ ಸಂಗೀತ ನಿಂತಿರುವುದು ನಮ್ಮ ಔಡವ ರಾಗಗಳಂತೆ ಐದೇ ಸ್ವರಗಳ ಮೇಲೆ. ಅಲ್ಲಿನ ‘ತಿಜಿತಾ’ ಕ್ರಮದ ಒಂದು ರೂಪದ ಸ್ವರಗಳಂತೂ ನಮ್ಮ ಮೋಹನ ರಾಗದವೇ!

ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ದೊಡ್ಡ ವಾದ್ಯವೃಂದಗಳೆಲ್ಲ ಸರ್ಕಾರದವು. ಸೈನ್ಯಕ್ಕೊಂದು, ಅರಮನೆಯ ಅಂಗರಕ್ಷಕ ದಳಕ್ಕೊಂದು, ಪೊಲೀಸರಿಗೊಂದು. ಅಲೆಮಾಯೆಹು ಹಾಡುತ್ತಿದ್ದುದು ಪೊಲೀಸ್ ವೃಂದದಲ್ಲಿ. ರೆಕಾರ್ಡ್ ತರುವ ಹಕ್ಕೂ ‘ಹಾಗೆರ್ ಫಿಕಿರ್’ ಎಂಬ ಸರ್ಕಾರಿ ಸಂಸ್ಥೆಗೇ ಮೀಸಲು. 1969ರಲ್ಲಿ ಈ ಕಟ್ಟಳೆಯನ್ನು ಮುರಿದವರು ಅಮ್ಹಾ ಎಶೆಟೆ ಎಂಬ ಅಂಗಡಿಯ ಯುವಕ. (ಇಬ್ಬರೂ ಅಣ್ಣತಮ್ಮಂದಿರಲ್ಲ, ಅಲ್ಲಿ ಹೆಸರಿನ ಮುಂದೆ ಬರುವುದು ತಂದೆಯ ಹೆಸರು.) ಜೈಲಿಗೂ ಸಿದ್ಧವಾಗಿಯೇ ಅವರು ಹೊರತಂದ ಮೊದಲ ರೆಕಾರ್ಡ್ ಅಲೆಮಾಯೆಹು ಅವರದು. ಅದನ್ನು ಅಚ್ಚು ಹಾಕಿಸಿದ್ದು ಭಾರತದಲ್ಲಿ. ಅದು ಅಂಗಡಿಯಲ್ಲಿ ಮೊಳಗಿದಾಗ ಜನ ರಸ್ತೆಯಲ್ಲೇ ಕುಣಿದರು.

ಆ ಸಂಭ್ರಮ ಉಳಿದದ್ದು ಐದೇ ವರ್ಷ. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿ ಅಧಿಕಾರ ಹಿಡಿದ ಸೈನಿಕರ ‘ದೆರ್ಗ್’ ಆಡಳಿತ ರಾತ್ರಿ ಕರ್ಫ್ಯೂ ಹೇರಿತು. ರಾತ್ರಿಯ ಕ್ಲಬ್ಬುಗಳಿಲ್ಲದೆ ಹಾಡುಗಾರರಿಗೆ ಹೊಟ್ಟೆಪಾಡಿಲ್ಲ. ಹಾಡಿನ ಸಾಹಿತ್ಯಕ್ಕೂ ಸೆನ್ಸಾರ್ ಕತ್ತರಿ. ಅಮ್ಹಾ 1975ರಲ್ಲಿ ಅಮೆರಿಕ ಸೇರಿದರು, ಇನ್ನೂ ಅನೇಕ ಕಲಾವಿದರು ದೇಶ ಬಿಟ್ಟರು. ಅಮೆರಿಕವನ್ನೇ ಕನಸು ಕಂಡಿದ್ದ ಅಲೆಮಾಯೆಹು ಮಾತ್ರ ಊರಲ್ಲೇ ಉಳಿದರು. ಆಳುವವರು ಹೇಳಿದ್ದನ್ನೂ ಹಾಡಬೇಕಾಯಿತು.

ಫ್ರಾನ್ಸಿನ ಫ್ರಾನ್ಸಿಸ್ ಫಾಲ್ಸೆಟೊ ಆ ಹಳೆಯ ರೆಕಾರ್ಡುಗಳನ್ನು ಹುಡುಕಿ 1997ರಿಂದ ‘ಎಥಿಯೋಪಿಕ್’ ಎಂಬ ಸಿ.ಡಿ. ಮಾಲೆಯಾಗಿ ಹೊರತಂದರು. ಒಂಬತ್ತನೆಯದು ಪೂರ್ತಿ ಅಲೆಮಾಯೆಹು ಅವರಿಗೇ ಮೀಸಲು. ಹೀಗೆ ಅರವತ್ತು ದಾಟಿದ ಮೇಲೆ ಅವರಿಗೆ ಅಮೆರಿಕದ ವೇದಿಕೆ ದೊರೆಯಿತು. 2021ರ ಏಪ್ರಿಲಿನಲ್ಲಿ ಅಮ್ಹಾ ತೀರಿಕೊಂಡರು. ಸೆಪ್ಟೆಂಬರ್ 2ರಂದು ಅಲೆಮಾಯೆಹು.