ಆಫ್ರಿಕಾಕ್ಕೆ ಹೊರಟೋರಿಗೆ: ಲಸಿಕೆ, ಸೊಳ್ಳೆ ಪರದೆ ಮತ್ತು ವಾಪಸ್ ಬಂದ ಮೇಲಿನ ಜ್ವರ

ಬೇಲೂರು, ಹಳೇಬೀಡು ಅಂದ ಕೂಡಲೇ ನಿಮಗೆ ಶಿಲಾಬಾಲಿಕೆಯರು ನೆನಪಾಗ್ತಾರೆ. ಎಲ್ಲೆಲ್ಲಿಂದಲೋ ಜನ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದು ಅಲ್ಲಿಗೆ ಹೋಗ್ತಾರೆ. ಆದ್ರೆ ಇದೇ ಬೇಲೂರು ತಾಲ್ಲೂಕಿನಿಂದ ಹೊರದೇಶಕ್ಕೆ ಹೋಗೋರೂ ಇದ್ದಾರೆ. ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಕೂದಲೆಣ್ಣೆ ಮಾರೋಕೆ ಆಫ್ರಿಕಾದ ದೇಶಗಳಿಗೆ ಹೋಗಿಬರ್ತಾರೆ. ಅಂಥ ಪ್ರಯಾಣದಲ್ಲಿ ಆರೋಗ್ಯ, ಜೀವ ಎರಡನ್ನೂ ಕಾಪಾಡಿಕೊಳ್ಳೋದು ಹೇಗೆ ಅನ್ನೋದನ್ನ ನಾನು ಇವತ್ತು ಹೇಳ್ತೀನಿ. ಕಂಪನಿ ಕೆಲಸಕ್ಕೆ ಹೋಗೋ ಇಂಜಿನಿಯರ್‌ಗೂ ಇದೇ ಪಾಠ.

ಮೊದಲನೇದು ಹಳದಿ ಜ್ವರ, ಅಂದ್ರೆ ಯೆಲ್ಲೋ ಫೀವರ್. ನಾವು ಸಾಮಾನ್ಯವಾಗಿ ಕಾಮಾಲೆ ಅನ್ನೋದೇ ಬೇರೆ, ಇದೇ ಬೇರೆ. ಇದು ಸೊಳ್ಳೆಯಿಂದ ಹರಡೋ ವೈರಸ್ ಕಾಯಿಲೆ. ಇದಕ್ಕೇ ಅಂತ ಔಷಧ ಇಲ್ಲ, ಲಸಿಕೆ ಇದೆ. ಒಂದೇ ಡೋಸ್ ಸಾಕು. 2016ರಿಂದ ಅದರ ಸರ್ಟಿಫಿಕೇಟ್‌ಗೆ ಜೀವನಪೂರ್ತಿ ಮಾನ್ಯತೆ. ಆದ್ರೆ ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಅದು ಊರ್ಜಿತ. ನಾಳೆ ಫ್ಲೈಟ್ ಅಂತ ಇವತ್ತು ಓಡಿದ್ರೆ ಪ್ರಯೋಜನ ಇಲ್ಲ. ಊರಿನ ಕ್ಲಿನಿಕ್‌ನಲ್ಲೂ ಸಿಗಲ್ಲ, ಕೇಂದ್ರ ಸರ್ಕಾರ ಗುರುತಿಸಿದ ಲಸಿಕಾ ಕೇಂದ್ರಕ್ಕೇ ಹೋಗಬೇಕು. ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರೋರು ಡಾಕ್ಟರಿಗೆ ಮೊದಲೇ ಹೇಳಿ.

ಭಾರತ ಇದರಲ್ಲಿ ಯಾಕಿಷ್ಟು ಬಿಗಿ? ನಮ್ಮಲ್ಲಿ ಈ ಕಾಯಿಲೆ ಇಲ್ಲ, ಆದ್ರೆ ಅದನ್ನ ಹರಡೋ ಈಡಿಸ್ ಸೊಳ್ಳೆ ಇದೆ. ನಮ್ಮೂರಲ್ಲಿ ಡೆಂಗಿ ತರೋದೂ ಅದೇ. ಒಮ್ಮೆ ವೈರಸ್ ಒಳಗೆ ಬಂದ್ರೆ ಹರಡೋಕೆ ದಾರಿ ಸಿದ್ಧವಾಗಿದೆ. ಅದಕ್ಕೇ ಹಳದಿ ಜ್ವರ ಇರೋ ದೇಶದಿಂದ ಸರ್ಟಿಫಿಕೇಟ್ ಇಲ್ಲದೆ ಬಂದ್ರೆ 6 ದಿನದವರೆಗೆ ಕ್ವಾರಂಟೈನ್.

ಎರಡನೇದು ಮಲೇರಿಯಾ. ಇದಕ್ಕೆ ಪ್ರಯಾಣಿಕರಿಗೆ ಲಸಿಕೆ ಇಲ್ಲ, ಮುಂಜಾಗ್ರತೆ ಮಾತ್ರೆ ಇದೆ. ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ರೆ ಹೊರಡೋ ಒಂದೆರಡು ದಿನ ಮೊದಲೇ ಶುರು ಮಾಡಿ, ಅಲ್ಲಿರೋವಷ್ಟು ದಿನ ದಿನಾ ತಗೊಂಡು, ಬಂದ ಮೇಲೂ 4 ವಾರ ಮುಂದುವರಿಸಬೇಕು. ಮಲೇರಿಯಾ ಸೊಳ್ಳೆ ಕಚ್ಚೋದು ಸಂಜೆಯಿಂದ ಬೆಳಗಿನವರೆಗೆ. ಔಷಧ ಲೇಪಿಸಿದ ಪರದೆ, ತುಂಬುತೋಳಿನ ಬಟ್ಟೆ ಬೇಕು. ಗಿಡಮೂಲಿಕೆ ಬಲ್ಲವರಿಗೂ ಇದೇ ಮಾತು: ಕಷಾಯ ನಂಬಿಕೊಂಡು ಮಾತ್ರೆ ಬಿಡಬೇಡಿ.

ನೀರು ಕುದಿಸಿದ್ದು ಅಥವಾ ಸೀಲ್ ಇರೋ ಬಾಟಲ್‌ದು. ಊಟ ಬಿಸಿಬಿಸಿಯಾಗಿರಲಿ. ಬ್ಯಾಗಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ರಾತ್ರಿ ರಸ್ತೆ ಪ್ರಯಾಣ ಆದಷ್ಟು ಬೇಡ.

ಇನ್ನು ಕಾಯಿಲೆ ಅಲ್ಲದ ಅಪಾಯ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ರು. 'ಆಪರೇಷನ್ ಕಾವೇರಿ'ಯಲ್ಲಿ ಭಾರತೀಯರನ್ನ ಪೋರ್ಟ್ ಸುಡಾನ್‌ಗೆ ಸೇರಿಸಿ, ಹಡಗು, ವಿಮಾನದಲ್ಲಿ ಜೆಡ್ಡಾಕ್ಕೆ ಕರೆತಂದು, ಅಲ್ಲಿಂದ ಊರಿಗೆ ಕಳಿಸಿದ್ರು. ನೀವೆಲ್ಲಿದ್ದೀರಿ ಅಂತ ಗೊತ್ತಿದ್ರೆ ತಾನೇ ಯಾರಾದ್ರೂ ಹುಡುಕಿಕೊಂಡು ಬರೋದು? ಹಾಗಾಗಿ ಇಳಿದ ಕೂಡಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್, ವಿಳಾಸ ಕೊಡಿ. ಪಾಸ್‌ಪೋರ್ಟ್, ವೀಸಾ, ಲಸಿಕೆ ಸರ್ಟಿಫಿಕೇಟ್ ಫೋಟೋ ತೆಗೆದು ಮನೆಯವರಿಗೂ ವಾಟ್ಸಾಪ್ ಮಾಡಿ. ವೀಸಾದಲ್ಲಿ ವ್ಯಾಪಾರಕ್ಕೆ ಅನುಮತಿ ಇದೆಯಾ ಅಂತಾನೂ ನೋಡಿಕೊಳ್ಳಿ.

ಕೊನೇದೇ ಎಲ್ಲಕ್ಕಿಂತ ಮುಖ್ಯ. ಊರಿಗೆ ಬಂದು ವಾರಗಳಾದ ಮೇಲೂ ಮಲೇರಿಯಾ ಕಾಣಿಸಿಕೊಳ್ಳಬಹುದು. ಆಫ್ರಿಕಾದಲ್ಲಿ ಹೆಚ್ಚಾಗಿರೋ ಫಾಲ್ಸಿಪೇರಮ್ ಮಲೇರಿಯಾ, ಚಿಕಿತ್ಸೆ ತಡವಾದ್ರೆ 24 ಗಂಟೆಯೊಳಗೆ ಪ್ರಾಣಕ್ಕೇ ಕುತ್ತು ತರಬಹುದು. ಅರಸೀಕೆರೆಯಲ್ಲೋ ಬೇಲೂರಲ್ಲೋ ಆಸ್ಪತ್ರೆಗೆ ಹೋಗಿ ಬರೀ 'ಜ್ವರ' ಅಂದ್ರೆ, ಮಳೆಗಾಲದ ವೈರಲ್ ಜ್ವರ ಇರಬಹುದು ಅಂತ ಅಂದುಕೊಳ್ಳೋದು ಸಹಜ. 'ಡಾಕ್ಟ್ರೇ, ನಾನು ಆಫ್ರಿಕಾದಿಂದ ಬಂದಿದ್ದೀನಿ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿ' ಅಂತ ನೀವೇ ಬಾಯಿಬಿಟ್ಟು ಹೇಳಿ, ಅದೂ ಜ್ವರ ಬಂದ ದಿನವೇ. ಮನೇಲಿ, ಕೇರೀಲಿ ಹೊರಟು ನಿಂತೋರು ಇದ್ರೆ ಈ ಸಂಚಿಕೆ ಅವರಿಗೂ ಕಳಿಸಿ.